ಇದ್ದವಳ ತಿಥಿ

ದೇಶ ಸುತ್ತು, ಕೋಶ ಓದು ಎನ್ನುತ್ತಾರೆ. ಹಾಗೆ ಹೇಳಿದವರು ಕಿಸೆಯಲ್ಲಿ ವಾಪಸು ಬರುವ ಟಿಕೇಟು ಇಟ್ಟುಕೊಂಡೇ ಹೇಳಿರಬೇಕು. ದೇಶ ಸುತ್ತಿದರೆ ತಾನು ಯಾರೆಂದು ಗೊತ್ತಾಗುತ್ತದೆ, ಅದರಲ್ಲಿ ನನಗೆ ತಕರಾರಿಲ್ಲ. ಗೊತ್ತಾದ ಮೇಲೆ ಏನು ಮಾಡಬೇಕೆಂದು ಮಾತ್ರ ಯಾವ ಗಾದೆಯೂ ಹೇಳುವುದಿಲ್ಲ. ಶೀನನ ಕತೆ ನೆನಪಾದಾಗಲೆಲ್ಲ ನನಗೆ ಆ ಗಾದೆಯ ಮೇಲೆ ಸಿಟ್ಟು ಬರುತ್ತದೆ.

ಶೀನ ಗಂಗೊಳ್ಳಿ ಬದಿಯ ಮೊಗವೀರರ ಹುಡುಗ. ಅವನು ಅಂಬೆಗಾಲಿಡುತ್ತಿದ್ದಾಗ ದೋಣಿಯಲ್ಲಿ ಹೋದ ಅಪ್ಪ ಮರಳಿ ಬರಲಿಲ್ಲ. ತಾಯಿ ರುಕ್ಕು ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ಮನೆಮನೆ ತಿರುಗಿ ಮಗನನ್ನು ಸಾಕಿದಳು. ಗಂಡನನ್ನು ತಿಂದ ಸಮುದ್ರಕ್ಕೆ ಮಗನನ್ನೂ ಕೊಡುವುದಿಲ್ಲ ಎಂದು ಹಟ ಹಿಡಿದು ಅವನನ್ನು ಮುಂಬಯಿಯ ಹೋಟೆಲು ಕೆಲಸಕ್ಕೆ ಅಟ್ಟಿದವಳೂ ಅವಳೇ. ಅಲ್ಲಿ ಶೀನ ಲೋಟ ತೊಳೆದ, ಮೇಜು ಒರೆಸಿದ, ಅಡುಗೆ ಭಟ್ಟರಿಗೆ ಕಾಯಿ ತುರಿದುಕೊಟ್ಟ. ನೋಡನೋಡುತ್ತ ಕೈಗೆ ಅಡುಗೆ ಹತ್ತಿತು. ಆದರೆ ಉಡುಪಿ ಹೋಟೆಲಿನ ಒಲೆಯ ಮುಂದೆ ನಿಲ್ಲಲು ಆ ಕಾಲದಲ್ಲಿ ಕೈಗುಣ ಒಂದೇ ಸಾಲುತ್ತಿರಲಿಲ್ಲ, ಹೆಗಲ ಮೇಲೆ ಜನಿವಾರವೂ ಬೇಕಿತ್ತು. ಗೋಡೆಯ ಮೇಲೆ ಎಲ್ಲೂ ಬರೆದಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಎಪ್ಪತ್ಮೂರರಲ್ಲಿ ಅಹಮದಾಬಾದಿನ ಮಣಿನಗರದಲ್ಲಿ ಹೋಟೆಲಿಟ್ಟಿದ್ದ ಪದ್ಮನಾಭ ಐತಾಳರ ಅಡುಗೆಯವರು ಜಗಳವಾಡಿ ಊರಿಗೆ ಹೊರಟುಹೋದರು. ಭಟ್ಟರೊಬ್ಬರು ತುರ್ತಾಗಿ ಬೇಕಾಗಿದ್ದಾರೆ ಎಂಬ ಸುದ್ದಿ ಮುಂಬಯಿಗೆ ಬಂತು. ಶೀನ ರೈಲು ಹತ್ತಿದ. ಸೂರತ್ ಸ್ಟೇಷನ್ನಿನಲ್ಲಿ ಇಳಿದು, ನಲ್ಲಿಯ ನೀರಲ್ಲಿ ಮುಖ ತೊಳೆದು, ಅಂಗಡಿಯಲ್ಲಿ ಕೊಂಡಿದ್ದ ಜನಿವಾರವನ್ನು ಶರ್ಟಿನೊಳಗೆ ಎಡಹೆಗಲಿಗೆ ಹಾಕಿಕೊಂಡ. ಹತ್ತಿದವನು ಶೀನ, ಅಹಮದಾಬಾದಿನಲ್ಲಿ ಇಳಿದವನು ಶ್ರೀನಿವಾಸ ಭಟ್ಟ.

ಐತಾಳರು ಹಣ ಎಣಿಸುವ ಗಲ್ಲೆಯ ಮೇಲೆ ಕುಳಿತೇ ವಿಚಾರಿಸಿದರು. ಯಾವ ಬದಿ ಎಂದರೆ ಕೊಲ್ಲೂರು, ದೇವಸ್ಥಾನದ ಊಟದಲ್ಲಿ ಬೆಳೆದವ ಎಂದ. ಗೋತ್ರ ಕಾಶ್ಯಪ ಎಂದ. ಗೋತ್ರ ಗೊತ್ತಿಲ್ಲದವರೆಲ್ಲ ಕಾಶ್ಯಪರೇ ಎಂದು ಮುಂಬಯಿಯಲ್ಲಿ ಯಾರೋ ನಗುತ್ತ ಹೇಳಿದ್ದು ನೆನಪಿತ್ತು. ಅಪ್ಪ ಇಲ್ಲ ಎಂದ. ಅಮ್ಮ? ಇದ್ದಾಳೆ ಎಂದರೆ ಯಾರ ಮಗಳು, ಯಾವ ಮನೆ ಎಂದು ಬುಡಕ್ಕೇ ಕೈ ಹಾಕುತ್ತಾರೆ. "ಅಮ್ಮನೂ ಇಲ್ಲೆ" ಎಂದುಬಿಟ್ಟ.

ಐತಾಳರು ದೇವರು ದಿಂಡರೆಂದರೆ ಕರಗುವ ಮನುಷ್ಯ. "ಪಾಪ! ಅಮ್ಮನ ತಿಥಿ ಯಾವಾಗ ಬತ್ತ್ ಭಟ್ರೆ? ಆ ದಿನ ರಜೆ ಕೊಡ್ತೆ" ಎಂದರು.

ಶೀನ ಗೋಡೆಯ ಕ್ಯಾಲೆಂಡರಿನ ಮೇಲೆ ಕಣ್ಣಾಡಿಸಿ, "ದೀಪಾವಳಿ ಕಳ್ದ್ ಪಂಚಮಿ" ಎಂದ. ಗುಜರಾತಿನಲ್ಲಿ ಅದು ಲಾಭ ಪಂಚಮಿ, ಹಬ್ಬಕ್ಕೆ ಮುಚ್ಚಿದ ಅಂಗಡಿಗಳೆಲ್ಲ ಪೂಜೆ ಮಾಡಿ ಬಾಗಿಲು ತೆರೆಯುವ ದಿನ ಎಂದು ಅವನಿಗೇನು ಗೊತ್ತು! ಹೀಗೆ ಊರಿಗೆ ಊರೇ ಸಿಹಿ ಹಂಚುವ ದಿನ ಇವನ ಪಾಲಿಗೆ ತಾಯಿಯ ತಿಥಿಯಾಯಿತು. ಅವಳೋ ಅದೇ ಹೊತ್ತಿಗೆ ಗಂಗೊಳ್ಳಿಯಲ್ಲಿ ಬಂಗುಡೆಗೆ ಗಿರಾಕಿಗಳೊಂದಿಗೆ ಜಗಳವಾಡುತ್ತ ಗಟ್ಟಿಮುಟ್ಟಾಗಿದ್ದಳು.

ಮೊದಲ ವರ್ಷ ಐತಾಳರು ಎಳ್ಳು, ಅಕ್ಕಿ, ಬಾಳೆಲೆ ಕಟ್ಟಿಕೊಟ್ಟು ಸಾಬರಮತಿಗೆ ಕಳಿಸಿದರು. ನದಿಯೆಂದರೆ ಮರಳು, ನಡುವೆ ಒಂದಿಷ್ಟು ನೀರು. ಶೀನ ಕಡಲೆಕಾಯಿ ತಿಂದು, ದಡದಲ್ಲಿ ಒಂದು ನಿದ್ದೆ ಹೊಡೆದು ಬಂದ. ಮರುವರ್ಷ ಯಾಕೋ ಹೆದರಿಕೆಯಾಗಿ ಅನ್ನದ ಉಂಡೆ ಕಟ್ಟಿ ಇಟ್ಟ, ಕಾಗೆ ಬಂದು ತಿಂದಿತು. ಅದರ ಮರುವರ್ಷ ಉಂಡೆ ಕಟ್ಟುತ್ತ ಕಟ್ಟುತ್ತ ಅಳು ಬಂತು. ಮೊದಮೊದಲು ತಿರುಪತಿಗೆ ಹೋಗುತ್ತೇನೆಂದು ಸುಳ್ಳು ಹೇಳಿ ಎರಡು ಸಲ ಊರಿಗೆ ಹೋಗಿಬಂದಿದ್ದ. ಆಮೇಲೆ ಹೋಟೆಲಿಗೆ ಗಂಗೊಳ್ಳಿ ಬದಿಯ ಹುಡುಗರು ಕೆಲಸಕ್ಕೆ ಸೇರಿದರು, ಎಲ್ಲಿ ಸಿಕ್ಕಿಬೀಳುತ್ತೇನೋ ಎಂದು ಹೋಗುವುದನ್ನೇ ಬಿಟ್ಟ. ಹಾಗಾಗಿ ವರ್ಷಕ್ಕೆ ಆ ಒಂದು ದಿನ, ಆ ಮರಳಿನ ಮೇಲೆ ಮಾತ್ರ ಅವನು ರುಕ್ಕುವಿನ ಮಗ. ಉಳಿದ ದಿನವೆಲ್ಲ ಭಟ್ಟ.

ಒಳ್ಳೆಯ ಭಟ್ಟನೇ ಆದ, ಅದನ್ನೂ ಹೇಳಬೇಕು. ಗುಜರಾತಿ ಕಲಿತ. ಬೆಲ್ಲ ಬೀಳದ ಸಾಂಬಾರನ್ನು ಇಲ್ಲಿಯವರು ಮೂಸಿಯೂ ನೋಡುವುದಿಲ್ಲ ಎಂದು ಕಲಿತ. ಕನ್ನಡ ಸಂಘದ ಗಣೇಶೋತ್ಸವಕ್ಕೆ ಇವನದೇ ನೈವೇದ್ಯ. ಬ್ಯಾಂಕಿನವರು, ರೈಲ್ವೆಯವರು, ಎಲ್ಐಸಿಯವರು, ಎಲ್ಲರ ಹೆಂಡಂದಿರೂ "ಭಟ್ರ ಕೈ ರುಚಿ" ಎನ್ನುವವರೇ. ಮೀಸೆ ಮೂಡದ ಕಾಲದಲ್ಲಿ ಲೋಟ ತೊಳೆಯುತ್ತಿದ್ದವನಿಗೆ ಜನ ಎದ್ದು ನಿಂತು ನಮಸ್ಕರಿಸುತ್ತಿದ್ದರು. ಬೆಳೆದ ಎಂದರೆ ಇದೇ ತಾನೇ?

ಎಂಬತ್ತೆರಡರಲ್ಲಿ ರುಕ್ಕುವಿಗೆ ಹೊಟ್ಟೆಯಲ್ಲಿ ಗಡ್ಡೆಯಾಯಿತು. ಕುಂದಾಪುರದ ಡಾಕ್ಟರು ನೋಡಿ, ತಿನ್ನಬೇಕೆನಿಸಿದ್ದು ತಿನ್ನಿಸಿ ಎಂದು ಮನೆಗೆ ಕಳಿಸಿದರು. ಅವಳಿಗೆ ತಿನ್ನುವ ಆಸೆಯೇನೂ ಇರಲಿಲ್ಲ. ಇದ್ದದ್ದು ಒಂದೇ ಆಸೆ: ಶೀನ ಊರಿಗೆ ಬಂದು, ತನ್ನ ಹತ್ತಿರ ನಾಲ್ಕು ದಿನ ಇದ್ದು, ತನಗೆ ಕೊಳ್ಳಿ ಇಡಬೇಕು. ಅವಳ ತಂಗಿಯ ಮಗ ಸದಾಶಿವ ಆ ವರ್ಷವೇ ಅಹಮದಾಬಾದಿನ ಅಂಚಿನ ವಟ್ವಾದ ಬಣ್ಣದ ಕಾರ್ಖಾನೆಗೆ ಸೇರಿದ್ದ. ಒಮ್ಮೆ ಐತಾಳರ ಹೋಟೆಲಿಗೆ ಕಾಫಿಗೆ ಹೋಗಿದ್ದಾಗ ಒಳಗೆ ಹೊಗೆಯ ನಡುವೆ ಶೀನನ ಮುಖ ಕಂಡಿದ್ದ. ಮಾತಾಡಲು ಆಗಿರಲಿಲ್ಲ. ದೀಪಾವಳಿಗೆ ಊರಿಗೆ ಹೋದಾಗ ಅದನ್ನು ಹೇಳಿದ. ರುಕ್ಕು ಅವನ ಕೈ ಹಿಡಿದವಳು ಬಿಡಲಿಲ್ಲ. ಕುಂದಾಪುರದ ಆಚೆ ಕಾಲಿಡದ ಮುದುಕಿ ಬಸ್ಸು ಹತ್ತಿ, ರೈಲು ಹತ್ತಿ, ಹೊಟ್ಟೆ ಹಿಡಿದುಕೊಂಡು ಅಹಮದಾಬಾದಿಗೆ ಬಂದಳು. ಮಡಿಲಲ್ಲಿ ಮಗನಿಗೆ ಇಷ್ಟವೆಂದು ಒಣ ಸಿಗಡಿಯ ಚೀಲ.

ಊಟದ ಹೊತ್ತು. ಹೋಟೆಲು ಗಿಜಿಗುಡುತ್ತಿತ್ತು. ಸದಾಶಿವ ಅವಳನ್ನು ಗೋಡೆ ಬದಿಯ ಮೇಜಿಗೆ ಕೂರಿಸಿದ. ಅವರ ಮಾತು ಕಿವಿಗೆ ಬಿದ್ದದ್ದೇ ಐತಾಳರು ಗಲ್ಲೆ ಬಿಟ್ಟು ಎದ್ದು ಬಂದರು.

"ಯಾವ್ ಊರಾಯ್ತ್ ನಿಮ್ದ್?"

"ಗಂಗೊಳ್ಳಿ ಒಡೆಯಾ."

"ಹೋ! ಮೀನ್ ಮಾರು ಮರ್ಕಾಲ್ತಿ, ಅದ್ಕೇ ಚೀಲದ ವಾಸ್ನೆ ಗುರ್ತ ಸಿಕ್ತ್!" ಐತಾಳರು ಗಟ್ಟಿಯಾಗಿ ನಕ್ಕರು. "ಅದನ್ನೊಂದ್ ಹೊರಗಿಟ್ಟ್ ಬನ್ನಿ, ಇಲ್ಲಿ ಎಲ್ಲ ಜೈನರ್ ಬತ್ರ್." ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಸದಾಶಿವ ಚೀಲ ಎತ್ತಿಕೊಂಡು ಹೊರಗೆ ಹೋದ. ಐತಾಳರು ಉಮೇದಿನಲ್ಲಿ ಅಡುಗೆಮನೆಯತ್ತ ತಿರುಗಿ ಕೂಗಿದರು. "ಭಟ್ರೆ, ಇಲ್ ಬನ್ನಿ, ನಮ್ ಬದಿಯವ್ರ್ ಬಂದಿದ್ರ್ ಕಾಣಿ!"

ಸೌಟು ಹಿಡಿದೇ ಶೀನ ಬಾಗಿಲಿಗೆ ಬಂದ. ಬರಿಮೈ, ಸೊಂಟಕ್ಕೆ ಪಂಚೆ, ಎದೆಯ ಮೇಲೆ ಬೆವರಿಗೆ ಅಂಟಿದ ಜನಿವಾರ. ರುಕ್ಕು ಅವನ ಮುಖ ನೋಡಿದಳು. ಅರ್ಧ ಎದ್ದಳು, ಬಾಯಿ ತೆರೆದಳು. ಆಮೇಲೆ ಅವಳ ಕಣ್ಣು ಎದೆಗೆ ಇಳಿಯಿತು. ತೆರೆದ ಬಾಯಿ ಹಾಗೇ ಮುಚ್ಚಿತು.

"ಗುರ್ತ ಇತ್ತಾ ಭಟ್ರೆ?" ಐತಾಳರು ಕೇಳಿದರು.

ಹೌದು ಎನ್ನಲು ಒಂದು ಉಸಿರು ಸಾಕಿತ್ತು. ಮೇಜಿನ ಸುತ್ತ ಗಂಗೊಳ್ಳಿಯ ಹುಡುಗರು ತಟ್ಟೆ ಹಿಡಿದು ನಿಂತಿದ್ದರು. ಬ್ಯಾಂಕಿನ ಕೃಷ್ಣಮೂರ್ತಿಯವರು ಪಕ್ಕದ ಮೇಜಿನಿಂದ ನೋಡುತ್ತಿದ್ದರು.

"ಗುರ್ತ ಇಲ್ಲೆ" ಎಂದ ಶೀನ.

ರುಕ್ಕು ನಿಧಾನವಾಗಿ ಎದ್ದು ನಿಂತಳು. ಎರಡೂ ಕೈ ಜೋಡಿಸಿ, ಹೆತ್ತ ಮಗನ ಎದುರು ತಲೆ ಬಗ್ಗಿಸಿದಳು. "ಕೈ ಮುಗ್ದೆ ಭಟ್ರೆ."

ಐತಾಳರೇ ನಿಂತು ಬಡಿಸಿದರು. ಊರಿನವರು ಬಂದ ಖುಷಿಗೆ ಬಾಯಿಗೆ ಬೀಗವೇ ಇರಲಿಲ್ಲ. "ನಮ್ಮ ಭಟ್ರಂಥವ್ರ್ ಸಿಕ್ಕುದಿಲ್ಲೆ ಕಾಣಿ. ಹಿಂದೂ ಇಲ್ಲೆ ಮುಂದೂ ಇಲ್ಲೆ, ಅನಾಥ. ಆರೆ ಅಮ್ಮನ ತಿಥಿ ಒಂದ್ ವರ್ಷ ತಪ್ಸ್ಲಿಲ್ಲೆ. ಮೊನ್ನೆ ಪಂಚಮಿಗೂ ಹೊಳಿ ಬದಿಗೆ ಹೋಯಿ ಮಾಡಿ ಬಂದ್ರ್."

ರುಕ್ಕು ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿದಳು. "ಪುಣ್ಯವಂತಿ ಆ ಅಬ್ಬಿ" ಎಂದಳು. ಬಡಿಸಿದ್ದನ್ನು ಒಂದಗುಳೂ ಬಿಡದೆ ಉಂಡು, ಎಲೆ ಮಡಚಿ, ಸದಾಶಿವನೊಂದಿಗೆ ಹೊರಟುಹೋದಳು. ಅಡುಗೆಮನೆಯಲ್ಲಿ ಶೀನ ದೋಸೆ ಹುಯ್ಯುತ್ತಲೇ ಇದ್ದ. ಒಂದೂ ಸೀಯಲಿಲ್ಲ. ಅವನ ಮೇಲೆ ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬರುವುದು ಅದಕ್ಕೆ.

ಮಧ್ಯಾಹ್ನ ಹೋಟೆಲು ಖಾಲಿಯಾದ ಮೇಲೆ ಶರ್ಟು ಹಾಕಿಕೊಂಡು ವಟ್ವಾದ ಬಸ್ಸು ಹಿಡಿದ. ಊಟದ ಹೊತ್ತಿಗೆ ಸದಾಶಿವ ಐತಾಳರಿಗೆ ತನ್ನ ಕಾರ್ಖಾನೆ ಯಾವುದೆಂದು ಹೇಳಿದ್ದು ಒಳಗೆ ಕೇಳಿಸಿತ್ತು, ಅವನ ಹೆಸರು ಹೇಳಿ ಕೂಲಿಗಳ ಕೋಣೆ ಹುಡುಕುವುದು ಕಷ್ಟವಾಗಲಿಲ್ಲ. ರುಕ್ಕು ಹೊಸ್ತಿಲಲ್ಲಿ ಒಬ್ಬಳೇ ಕುಳಿತು, ಎದುರಿನ ಚರಂಡಿಯಲ್ಲಿ ಕೆಂಪಗೆ ಹರಿಯುವ ನೀರು ನೋಡುತ್ತಿದ್ದಳು. ಶೀನ ಅವಳ ಕಾಲ ಹತ್ತಿರ ಕುಸಿದ. "ಅಬ್ಬಿ" ಎಂದ. ವರ್ಷಗಳ ಮೇಲೆ ಅಮ್ಮನನ್ನು ಹಾಗೆ ಬಾಯಿಬಿಟ್ಟು ಕರೆದದ್ದು ಅದೇ ಮೊದಲು.

ಅವಳು ಬೈಯುತ್ತಾಳೆ ಎಂದುಕೊಂಡಿದ್ದ. ಬೈದಿದ್ದರೆ ಬದುಕುತ್ತಿದ್ದ.

"ಹೊಳಿ ಬದಿಗೆ ಹೋಯಿ ಎಂತ ಮಾಡ್ತೆ?" ಎಂದು ಕೇಳಿದಳು, ಪಕ್ಕದ ಮನೆಯ ಸುದ್ದಿ ವಿಚಾರಿಸುವವಳಂತೆ.

"ಅನ್ನದ ಉಂಡಿ ಇಡ್ತೆ. ನಿನ್ನ ನೆನೆಸ್ಕಂತೆ."

"ಕಾಕಿ ಮುಟ್ತಾ?"

"ಮುಟ್ತ್ ಅಬ್ಬಿ. ಕೂಡ್ಲೇ ಮುಟ್ತ್."

"ಹಂಗಾರೆ ನಂಗೆ ಆಸೆ ಎಂತದೂ ಉಳೀಲಿಲ್ಲೆ ಕಾಣ್" ಎಂದು ರುಕ್ಕು ನಕ್ಕಳು. ಸತ್ತವರ ಆಸೆ ಉಳಿದಿದ್ದರೆ ಕಾಗೆ ಪಿಂಡ ಮುಟ್ಟುವುದಿಲ್ಲ ಎಂಬುದು ಅವನಿಗೂ ಗೊತ್ತಿತ್ತು. ಅವನು ಅವಳ ಮಂಡಿ ಹಿಡಿದುಕೊಂಡು ಅತ್ತ. ಈ ದಾರ ಇಲ್ಲೇ ಕಿತ್ತು ಬಿಸಾಡುತ್ತೇನೆ, ನಾಳೆಯೇ ನಿನ್ನ ಜೊತೆ ಊರಿಗೆ ಬರುತ್ತೇನೆ, ಮೊದಲಿನ ಶೀನನೇ ಆಗುತ್ತೇನೆ ಎಂದ. ಅವಳ ಮುಖ ಒಂದು ಗಳಿಗೆ ಬೆಳಗಿತು. ಆಸೆ ಹೇಗೆ ಬಿಟ್ಟೀತು? ಒಳಗೆ ಹೋಗಿ ಚೀಲ ತಂದು, ಒಂದು ಹಿಡಿ ಒಣ ಸಿಗಡಿ ತೆಗೆದು ಅವನ ಕೈಗೆ ಹಾಕಿದಳು.

"ತಿನ್ ಮಗಾ. ನಿಂಗ್ ಇಷ್ಟ ಅಲ್ದಾ."

ವಾಸನೆ ಮೂಗಿಗೆ ಬಡಿಯಿತು. ಶೀನ ಕಣ್ಣು ಮುಚ್ಚಿ ಬಾಯಿಗೆ ಹಾಕಿಕೊಂಡ. ಅಗಿದ. ಚಿಕ್ಕಂದಿನಲ್ಲಿ ಗಂಜಿಯ ಜೊತೆ ಇದಕ್ಕಾಗಿ ಅವನು ಅತ್ತು ರಂಪ ಮಾಡಿದ್ದುಂಟು. ಈಗ ಹೊಟ್ಟೆ ತೊಳಸಿ ಬಂತು. ತಡೆದುಕೊಳ್ಳಲು ನೋಡಿದ, ಆಗಲಿಲ್ಲ. ಚರಂಡಿಯ ಬದಿಗೆ ಓಡಿ ಕರುಳು ಕಿತ್ತು ಬರುವ ಹಾಗೆ ವಾಂತಿ ಮಾಡಿದ. ಬಾಯಿ ಸುಳ್ಳು ಹೇಳಬಲ್ಲದು, ಹೊಟ್ಟೆಗೆ ಅದು ಬರುವುದಿಲ್ಲ. ಜನಿವಾರ ಹೆಗಲ ಮೇಲಷ್ಟೇ ಇದೆ ಎಂದು ಅವನು ಇಷ್ಟು ವರ್ಷ ತಿಳಿದುಕೊಂಡಿದ್ದ. ಅದು ಯಾವಾಗಲೋ ಒಳಗೆ ಇಳಿದುಬಿಟ್ಟಿತ್ತು.

ರುಕ್ಕು ಚೊಂಬಿನಲ್ಲಿ ನೀರು ತಂದು ಅವನ ಬಾಯಿ ತೊಳೆಸಿದಳು. ಸೆರಗಿನಿಂದ ಮುಖ ಒರೆಸಿದಳು.

"ನೀ ಬಪ್ಪುದ್ ಬ್ಯಾಡ" ಎಂದಳು.

"ನಿಂಗೆ ಕೊಳ್ಳಿ ಇಡುದ್ ಯಾರ್ ಅಬ್ಬಿ?"

"ಇಟ್ಟಾಯ್ತಲ್ಲ. ಒಂದ್ ಹೆಣಕ್ಕೆ ಎಷ್ಟ್ ಸಲ ಕೊಳ್ಳಿ ಇಡ್ತ್ರ್ ಮಗಾ?"

ಶೀನ ಹೋಟೆಲಿಗೆ ಮರಳಿದಾಗ ದೀಪ ಹಚ್ಚುವ ಹೊತ್ತು. ಐತಾಳರು ಗಲ್ಲೆಯ ಮೇಲಿನ ದೇವರ ಪಟಕ್ಕೆ ಊದುಬತ್ತಿ ತೋರಿಸುತ್ತಿದ್ದರು. ಇವನು ಎದುರು ನಿಂತು ಹೇಳಿಬಿಟ್ಟ. "ನಾನ್ ಭಟ್ಟ ಅಲ್ಲ. ಮಧ್ಯಾಹ್ನ ಬಂದ ಹೆಂಗ್ಸ್ ನನ್ ಅಬ್ಬಿ." ಹೊಡೆಯಲಿ, ಹೊರಗೆ ಹಾಕಲಿ, ಎಲ್ಲರೆದುರು ಉಗಿಯಲಿ ಎಂದು ಕಾದು ನಿಂತ.

ಐತಾಳರು ಊದುಬತ್ತಿ ಸಿಕ್ಕಿಸಿ ಸಾವಕಾಶ ತಿರುಗಿದರು. "ಭಟ್ಟ ಅಲ್ಲ ಅಂಬುದ್ ನಂಗೆ ಮೊದ್ಲ್ನೇ ವರ್ಷವೇ ಗೊತ್ತಿತ್ತ್" ಎಂದರು ಮೆಲ್ಲಗೆ. "ಉಂಬುಕೆ ಕೂತಾಗ ಎಲೆ ಸುತ್ತ ನೀರ್ ಕಟ್ಟುಕೆ ನೀವ್ ಪಕ್ಕದವರ ಕೈ ಕಾಣ್ತಿದ್ರಿ. ನಂಗೆ ನಿಮ್ ಅಡಿಗೆ ಬೇಕಿತ್ತ್. ಗಿರಾಕಿಗಳಿಗೆ ಗೊತ್ತಾಗ್ದಿದ್ರೆ ಸಾಕಿತ್ತ್." ಆಮೇಲೆ ಅವನ ಮಾತಿನ ಎರಡನೆಯ ಭಾಗ ತಲೆಗೆ ಹೋಗಿ ಅವರ ಮುಖ ಬಿಳಿಚಿತು. "ಅಬ್ಬಿ ಅಂದ್ಯಾ? ಇದ್ದವಳ ತಿಥಿ ಮಾಡ್ದ್ಯನಾ? ಒಂದ್ ಮಾತ್ ನಂಗ್ ಹೇಳಿದ್ರೆ, ಹಿಂದಿನ ಕೋಣೆಲಿ ಇಟ್ಕಂಬುಕೆ ನಾ ಬ್ಯಾಡ ಅಂತಿದ್ನಾ?"

ಅನ್ನುತ್ತಿದ್ದರೋ ಇಲ್ಲವೋ, ಯಾರಿಗೆ ಗೊತ್ತು. ಕೆಟ್ಟುಹೋದ ಮೇಲೆ ಉದಾರಿಯಾಗುವುದು ಸುಲಭ. ಆದರೆ ಶೀನನಿಗೆ ಗೊತ್ತಾದದ್ದು ಇಷ್ಟು: ಯಾರಿಗೆ ಹೆದರಿ ತಾಯಿಯನ್ನು ಸಾಯಿಸಿದನೋ, ಅವರಿಗೆ ಅವನು ಯಾರೆಂದು ಎಂದಿನಿಂದಲೋ ಗೊತ್ತಿತ್ತು.

"ಹೋಗ್, ಈಗ್ಲೇ ಹೋಯಿ ಕರ್ಕಂಡ್ ಬಾ" ಎಂದರು ಐತಾಳರು.

"ಬಪ್ಪುದಿಲ್ಲೆ" ಎಂದ ಶೀನ. "ಅವಳ್ ನನ್ನ ಭಟ್ರೆ ಅಂದದ್ದ್ ಎಲ್ಲರ ಎದ್ರಿಗೆ. ನಾನ್ ಅಬ್ಬಿ ಅಂದದ್ದ್ ಯಾರೂ ಇಲ್ಲದಲ್ಲಿ."

ಮಾಘ ಮಾಸದಲ್ಲಿ ರುಕ್ಕು ಹೋದಳು. ಕೊಳ್ಳಿ ಇಟ್ಟವನು ಸದಾಶಿವ. ಅವನು ಊರಿಂದ ಬಂದು ಸುದ್ದಿ ಹೇಳಿದ ದಿನ ಐತಾಳರು ತಾವಾಗಿಯೇ ಶೀನನಿಗೆ ರಜೆ ಕೊಟ್ಟರು. ರಜೆಯಲ್ಲಿ ಏನು ಮಾಡಬೇಕೆಂದು ಅವನಿಗೆ ತಿಳಿಯಲಿಲ್ಲ. ಅಳಲು ನೋಡಿದ, ಬರಲಿಲ್ಲ. ಅವಳಿಗಾಗಿ ಅಳುವುದನ್ನೆಲ್ಲ ಅವಳು ಬದುಕಿದ್ದಾಗಲೇ ವರ್ಷ ವರ್ಷ ಅತ್ತು ಮುಗಿಸಿದ್ದ.