ಒಂದು ಸಲ ಬಿದ್ದ ಹೆಲ್ಮೆಟ್

ಒಂದು ವಸ್ತುವಿನಿಂದ ಒಳ್ಳೇದಾಯ್ತು ಅಂದರೆ ಅದನ್ನ ಬಿಸಾಡೋಕೆ ನಮಗೆ ಮನಸ್ಸು ಬರಲ್ಲ. ಒಬ್ಬ ಟೈಲರ್ ಮನೆಯಲ್ಲಿ ಅಂಥದ್ದೊಂದು ಕೆಂಪು ಹೆಲ್ಮೆಟ್ ಇತ್ತು.

ಆರು ವರ್ಷದ ಹಿಂದೆ ಟೈಲರ್ ಬೈಕಿನಿಂದ ಬಿದ್ದಿದ್ದರು. ತಲೆ ರಸ್ತೆಗೆ ಬಡಿದಿತ್ತು. ಭುಜದ ಮೂಳೆ ಮುರೀತು, ತಲೆಗೆ ಮಾತ್ರ ಏನೂ ಆಗಲಿಲ್ಲ. ಅವತ್ತಿನಿಂದ ಅವರ ಹೆಂಡತಿಗೆ ಗಂಡನಿಗಿಂತ ಆ ಹೆಲ್ಮೆಟ್ ಮೇಲೇ ನಂಬಿಕೆ ಜಾಸ್ತಿ. ಒಳಗಿನ ಬಟ್ಟೆ ಸವೆದಾಗಲೆಲ್ಲ ಟೈಲರ್ ಅದರ ಮೇಲೇ ಹೊಸ ಬಟ್ಟೆ ಇಟ್ಟು ಹೊಲಿಯೋರು. ಹೊರಗಿನ ಗೀರಿಗೆ ಬಣ್ಣ ಬಳಿದರು. ಮಗಳು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿ ಬೈಕ್ ತಗೊಂಡಾಗ, ಅಪ್ಪ ತಾವೇ ಅದನ್ನ ಅವಳ ತಲೆಗೆ ಹಾಕಿದರು.

ಎರಡು ವರ್ಷ ಕಳೀತು. ಮಗಳಿಗೆ ಬೈಕ್ ಓಡಿಸೋರ ಒಂದು ಬಳಗ ಸಿಕ್ಕಿತು. ಬೇಕರಿಯಣ್ಣ, ಲೆಕ್ಕದ ಮೇಷ್ಟ್ರು, ಆಸ್ಪತ್ರೆಯ ತುರ್ತು ವಾರ್ಡಿನ ನರ್ಸಕ್ಕ. ಶನಿವಾರ, ಭಾನುವಾರ ಎಲ್ಲರೂ ರೇಸ್ ಟ್ರ್ಯಾಕಿಗೆ ಹೋಗಿ ಬೈಕ್ ಓಡಿಸೋದು ಕಲಿಯೋಣ ಅಂತ ಮಾತಾಯ್ತು.

"ಅಷ್ಟು ಜೋರಾಗಿ ಯಾಕೆ ಹೋಗಬೇಕೇ? ಒಲೆ ಮೇಲೆ ಹಾಲಿಟ್ಟು ಬಂದಿದೀಯಾ?" ಅಂದರು ಅಮ್ಮ.

"ರೇಸ್ ಅಲ್ಲಮ್ಮ, ಕಲಿಯೋದು. ಅಲ್ಲಿ ಎದುರಿಗೆ ಲಾರಿ ಬರಲ್ಲ, ನಾಯಿ ಅಡ್ಡ ಬರಲ್ಲ. ಕಲಿಸೋರು ಇರ್ತಾರೆ. ಆಂಬುಲೆನ್ಸೂ ನಿಂತಿರುತ್ತೆ."

"ಆಂಬುಲೆನ್ಸ್ ಬೇರೆ ನಿಂತಿರುತ್ತಾ!" ಅಮ್ಮ ಎದೆ ಹಿಡಿದುಕೊಂಡರು.

ಕೊನೆಗೆ ಎರಡು ಷರತ್ತಿನ ಮೇಲೆ ಒಪ್ಪಿದರು. ಅಪ್ಪ ಜೊತೆಗೆ ಹೋಗಬೇಕು. ತಲೆ ಮೇಲೆ ಆ ಕೆಂಪು ಹೆಲ್ಮೆಟ್ಟೇ ಇರಬೇಕು, ಬೇರೆ ಯಾವುದೂ ಬೇಡ. ಮಗಳು ಆಣೆ ಮಾಡಿದಳು.

ಶನಿವಾರ ಬೆಳಿಗ್ಗೆ ಟ್ರ್ಯಾಕಿನ ಶೆಡ್ಡಿನಲ್ಲಿ ಉದ್ದದ ಮೇಜಿನ ಮೇಲೆ ಎಲ್ಲರ ಹೆಲ್ಮೆಟ್, ಗ್ಲೌಸು, ಬೂಟು ಸಾಲಾಗಿ ಕೂತವು. ಪರೀಕ್ಷೆ ಆಗದೆ ಯಾರನ್ನೂ ಒಳಗೆ ಬಿಡೋ ಹಾಗಿಲ್ಲ. ಅವತ್ತು ಪರೀಕ್ಷೆಯ ಕೆಲಸ ನರ್ಸಕ್ಕನದು.

ಅವರು ಮಗಳಿಗೆ ಕೆಂಪು ಹೆಲ್ಮೆಟ್ ಹಾಕಿಸಿ, ಪಟ್ಟಿ ಬಿಗಿಸಿ, ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದರು. ತಲೆ ಒಂದು ಕಡೆ, ಹೆಲ್ಮೆಟ್ ಒಂದು ಕಡೆ.

"ಸಡಿಲ ಇದೆಯಲ್ಲೇ. ಇದು ಯಾವತ್ತಾದರೂ ಬಿದ್ದಿತ್ತಾ?"

"ಏನು ಹಾಗಂತೀರಾ ಸಿಸ್ಟರ್!" ಟೈಲರ್ ಹೆಮ್ಮೆಯಿಂದ ಮುಂದೆ ಬಂದರು. "ನನ್ನ ಜೀವ ಉಳಿಸಿದ್ದೇ ಇದು."

ನರ್ಸಕ್ಕ ಹೆಲ್ಮೆಟ್ ಕಳಚಿ ಮೇಜಿನ ಮೇಲಿಟ್ಟರು. "ಹಾಗಾದರೆ ಇದನ್ನ ಹಾಕ್ಕೊಂಡು ಇವಳು ಹೋಗೋ ಹಾಗಿಲ್ಲ ಟೈಲರಣ್ಣ."

"ಅದ್ಯಾಕಮ್ಮ? ಎಲ್ಲಿ, ಒಂದು ಬಿರುಕು ತೋರಿಸಿ ನೋಡೋಣ!"

"ಹೊರಗಡೆ ಕಾಣಲ್ಲ. ಒಳಗಿನ ಬಟ್ಟೆ ಬಿಚ್ಚಿ. ಹೊಲಿದಿದ್ದು ನೀವು, ನೀವೇ ಬಿಚ್ಚಿ."

ಟೈಲರ್ ತಮ್ಮ ಚೀಲದಿಂದ ಕತ್ತರಿ ತೆಗೆದರು. ತಮ್ಮದೇ ಹೊಲಿಗೆಯನ್ನ ಒಂದೊಂದಾಗಿ ಬಿಚ್ಚಿದರು. ನೀಲಿ ಬಟ್ಟೆ ಬಂತು. ಅದರ ಕೆಳಗಿದ್ದ ಚೌಕುಳಿ ಬಟ್ಟೆ ಬಂತು. ಅದರ ಕೆಳಗೆ ಕಂಪನಿಯ ಕಪ್ಪು ಬಟ್ಟೆ. ಅದನ್ನೂ ಸರಿಸಿದಾಗ ಬಿಳೀ ಥರ್ಮಾಕೋಲಿನಂಥ ಪದರ ಕಂಡಿತು. ಎಡಗಿವಿಯ ಮೇಲಿನ ಜಾಗದಲ್ಲಿ ಅದು ಹೆಬ್ಬೆರಳಲ್ಲಿ ಅದುಮಿದ ಹಾಗೆ ಕುಸಿದಿತ್ತು. ಅಲ್ಲಿಂದ ಒಂದು ಬಿರುಕು ಹಿಂದಿನವರೆಗೂ ಓಡಿತ್ತು.

ಟೈಲರ್ ಆ ಗುಳಿಯಲ್ಲಿ ಬೆರಳಿಟ್ಟರು. ಇನ್ನೊಂದು ಕೈ ತಾನಾಗಿ ತಮ್ಮ ಎಡಗಿವಿಯ ಮೇಲಕ್ಕೆ ಹೋಯ್ತು.

ನರ್ಸಕ್ಕ ಮೆತ್ತಗೆ ಹೇಳಿದರು. "ಈ ಬಿಳೀ ಪದರ ಇರೋದೇ ಜಜ್ಜಿಹೋಗೋಕೆ. ಪೆಟ್ಟನ್ನ ತಾನು ತಿಂದು ತಲೆಯನ್ನ ಕಾಯುತ್ತೆ. ಆದರೆ ಒಂದು ಸಲ ಕುಸಿದದ್ದು ಮತ್ತೆ ಉಬ್ಬಲ್ಲ. ಇನ್ನೊಂದು ಸಲ ಅಲ್ಲೇ ಪೆಟ್ಟು ಬಿದ್ದರೆ ತಡೆಯೋಕೆ ಅಲ್ಲಿ ಏನೂ ಇಲ್ಲ."

"ಎರಡು ವರ್ಷದಿಂದ ಇವಳು ದಿನಾ ಇದನ್ನೇ ಹಾಕ್ತಿದಾಳೆ..." ಟೈಲರ್ ಮಗಳ ಕಡೆ ತಿರುಗಿದರು. "ನಾನೇ ಕೈಯಾರೆ ಕೊಟ್ಟೆನಲ್ಲಮ್ಮ."

ಮಗಳು ಅವರ ಕೈ ಹಿಡಿದುಕೊಂಡಳು. "ಗೊತ್ತಿದ್ದು ಕೊಟ್ಟೆಯೇನಪ್ಪಾ? ನನಗೇನೂ ಆಗಿಲ್ಲ. ಇಲ್ಲೇ ನಿಂತಿದೀನಲ್ಲ, ನೋಡು."

ಅಷ್ಟರಲ್ಲಿ ಫೋನ್ ಬಂತು. ಅಮ್ಮ.

"ಹಾಕ್ಕೊಂಡಳೇನ್ರೀ?"

ಹೂಂ ಅಂದುಬಿಡಬಹುದಿತ್ತು. ಟೈಲರ್ ಹಾಗೆ ಮಾಡಲಿಲ್ಲ. ನೋಡಿದ್ದನ್ನೆಲ್ಲ ಹೇಳಿದರು.

"ಅದು ನಿಮ್ಮನ್ನ ಉಳಿಸಿಕೊಟ್ಟಿತ್ತಲ್ರೀ..."

"ಉಳಿಸಿತು ಕಣೇ. ಅದರ ಕೆಲಸ ಅವತ್ತೇ ಮುಗಿದಿತ್ತು. ನಮಗೇ ಗೊತ್ತಾಗಲಿಲ್ಲ."

ಅಮ್ಮ ಮೂಗೊರೆಸಿಕೊಂಡಿದ್ದು ಕೇಳಿಸಿತು. ಆಮೇಲೆ ಅಂದರು, "ಆ ನರ್ಸಮ್ಮ ಯಾವುದು ಹೇಳ್ತಾರೋ ಅದನ್ನೇ ಹಾಕ್ಸಿ. ಬಣ್ಣಗಿಣ್ಣ ನೋಡ್ತಾ ಕೂರಬೇಡಿ."

ಟ್ರ್ಯಾಕಿನಲ್ಲಿ ಬಾಡಿಗೆಗೆ ಹೆಲ್ಮೆಟ್ ಸಿಗ್ತಿತ್ತು. ಟೈಲರ್ ಟೇಪು ತೆಗೆದು ಮಗಳ ಹುಬ್ಬಿನ ಮೇಲಿಂದ ತಲೆಯ ಸುತ್ತ ಅಳತೆ ಹಿಡಿದರು. ಐವತ್ತೈದು ಸೆಂಟಿಮೀಟರ್. ಎರಡು ಹೆಲ್ಮೆಟ್ ಸರಿಹೋಗಲಿಲ್ಲ. ಮೂರನೆಯದನ್ನ ಹಿಡಿದು ಅಲ್ಲಾಡಿಸಿದರೆ ತಲೆಯೂ ಜೊತೆಗೇ ಅಲ್ಲಾಡಿತು. "ಇದು!" ಅಂದರು ನರ್ಸಕ್ಕ.

ಹಳೇದನ್ನ ಹಾಗೇ ಎಸೆದರೆ ಬೇರೆ ಯಾರಾದರೂ ಎತ್ತಿಕೊಂಡು ಹಾಕ್ಕೊಂಡಾರು. ಅದಕ್ಕೆ ಮೊದಲು ಪಟ್ಟಿ ಕತ್ತರಿಸಬೇಕಂತೆ. ಟೈಲರ್ ಅದನ್ನ ಸ್ವಲ್ಪ ಹೊತ್ತು ತೊಡೆಯ ಮೇಲಿಟ್ಟುಕೊಂಡು ಕೂತರು. ಆಮೇಲೆ ಕತ್ತರಿಸಿದರು.

ಮಗಳು ಟ್ರ್ಯಾಕಿಗಿಳಿದಳು. ಮೊದಲು ಲೆಕ್ಕದ ಮೇಷ್ಟ್ರ ಬೈಕಿನ ಹಿಂದೆಹಿಂದೆ ನಿಧಾನಕ್ಕೆ, ಭಾನುವಾರ ಒಬ್ಬಳೇ, ತಿರುವಿನಲ್ಲಿ ಬೈಕ್ ಬಾಗಿಸಿಕೊಂಡು. ಟೈಲರ್ ಬೇಲಿ ಹಿಡಿದು ನಿಂತಿದ್ದರು. ಪ್ರತಿ ಸುತ್ತಿಗೂ ಅವಳು ಬಂದಳೆಂದರೆ ಬಿಗಿಹಿಡಿದ ಉಸಿರು ಬಿಡೋರು. ಬರ್ತಾ ಬರ್ತಾ ಉಸಿರು ಹಿಡಿಯೋದು ಮರೆತು ಚಪ್ಪಾಳೆ ತಟ್ಟೋಕೆ ಶುರು ಮಾಡಿದರು.

ಸೋಮವಾರ ಮೂವರೂ ಹೆಲ್ಮೆಟ್ ಅಂಗಡಿಗೆ ಹೋದರು.

"ನನಗ್ಯಾಕ್ರೀ? ನಾನು ಹಿಂದೆ ಕೂರೋಳು," ಅಂದರು ಅಮ್ಮ.

"ಬಿದ್ದರೆ ನೆಲ ಕೇಳುತ್ತೇನೇ, ಮುಂದೆ ಕೂತಿದ್ರಾ ಹಿಂದೆ ಕೂತಿದ್ರಾ ಅಂತ? ತಲೆ ಕೊಡು ಇಲ್ಲಿ." ಟೈಲರ್ ಟೇಪು ಬಿಚ್ಚಿದರು. ಅಂಗಡಿಯವನ ಎದುರಿಗೆ ಅಮ್ಮನಿಗೆ ನಾಚಿಕೆ ಆಯ್ತು, ಆದರೂ ತಲೆ ಕೊಟ್ಟರು.

ಇದನ್ನ ಓದ್ತಿರೋ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಹೆಲ್ಮೆಟ್ಟನ್ನೂ ಒಮ್ಮೆ ಕೈಗೆ ತಗೊಳ್ಳಿ. ಅಪಘಾತದಲ್ಲಿ ಪೆಟ್ಟು ತಿಂದಿದೆಯಾ? ಹಾಗಿದ್ದರೆ ಹೊರಗೆ ಎಷ್ಟೇ ಚೆನ್ನಾಗಿ ಕಂಡರೂ ಅದನ್ನ ಹಾಕಬೇಡಿ, ಯಾರಿಗೂ ಕೊಡಲೂಬೇಡಿ. ಗುಣಮಟ್ಟದ ಮುದ್ರೆ ಇರೋ, ತಲೆಗೆ ಬಿಗಿಯಾಗಿ ಕೂರೋ ಹೆಲ್ಮೆಟ್ ತಗೊಳ್ಳಿ. ಪಟ್ಟಿ ಹಾಕೋದು ಮರೀಬೇಡಿ. ನಿಮ್ಮ ಬೈಕಿನ ಹಿಂದೆ ಕೂರೋರಿಗೂ ಒಂದಿರಲಿ. ನಾಳೆ ಅವರು ಗಾಡಿ ಹತ್ತೋಕೆ ಮುಂಚೆ ನೀವೇ ಹಿಡಿದು ಒಂದು ಸಲ ಅಲ್ಲಾಡಿಸಿ ನೋಡಿ.