ಕಾಲು ಸುತ್ತು

ಮತ್ತೆ ತಡವರಿಸಿತು, ಡ್ರಮ್ಮಿನ ನೀರಿನಲ್ಲಿ ಫ್ಯಾನು ಮುಳುಗಿಸಿಕೊಂಡು ಗುರುಗುಡುತ್ತಿದ್ದ ದೋಣಿಯ ಇಂಜಿನ್ನು, ರಘುನಾಥ ಗೇರು ಹಾಕಿ ಆಕ್ಸಿಲರೇಟರ್ ತಿರುಗಿಸಿದೊಡನೆ ಗಪ್ಪೆಂದು ಉಸಿರು ನುಂಗಿ, ರೆಪ್ಪೆ ಬಡಿಯುವಷ್ಟು ಹೊತ್ತು ಸುಮ್ಮನಿದ್ದು, ಆಮೇಲೆ ಅರಚಿಕೊಂಡು ಎದ್ದಿತು — ಬೈಕಾಗಿದ್ದರೆ ಕಾಲೂರಿ ನಿಲ್ಲಬಹುದು, ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿ ದಿನಕ್ಕೆ ಹತ್ತು ಜನ ಊರುತ್ತಾರೆ, ಹಿನ್ನೀರಿನ ನಡುವೆ ಕಾಲೂರುವುದೆಲ್ಲಿ — ಪ್ಲಗ್ಗು ಹೊಸದು, ಪೆಟ್ರೋಲು ಹೊಸದು, ಆಯಿಲ್ಲು ಅಳತೆಗೆ ಸರಿಯಾಗಿ ಬೆರೆಸಿದ್ದು, ಕಾರ್ಬುರೇಟರಿನೊಳಗೆ ಕೂತಿದ್ದ ಕೆಸರನ್ನು ಬೆಳಿಗ್ಗೆಯಿಂದ ಊದಿ ಊದಿ ತೆಗೆದಿದ್ದಾನೆ, ಒಂದು ಹಿತ್ತಾಳೆ ಸ್ಕ್ರೂ ಮಾತ್ರ ಮುಟ್ಟಿಲ್ಲ, ಅದರ ಹತ್ತಿರ ಹೋದ ಕೈ ಹಾಗೇ ವಾಪಸ್ಸು ಬರುತ್ತದೆ, ಯಾಕೆಂದು ಅವನಿಗೆ ಗೊತ್ತು, ಮಡಿಲಲ್ಲಿ ಕೆಂಡ ಕಟ್ಟಿಕೊಂಡು ಏನೂ ಅರಿಯದವನಂತೆ ಓಡಾಡಿ ಎರಡು ತಿಂಗಳಾಯಿತು. ಬೈಕ್ ರಿಪೇರಿ ಅಂಗಡಿಯ ಬೆಂಚಿನ ಮೇಲೆ ಗಂಗಾಂಬಿಕೆ ಕೂತಿದ್ದಾರೆ, ನೀಲಕಂಠಸ್ವಾಮಿಯ ಹೆಂಡತಿ, ಹಣೆಯಲ್ಲಿ ಕುಂಕುಮವಿಲ್ಲ, ಬರೀ ವಿಭೂತಿ, ಅತ್ತ ನೋಡಬಾರದು — ನೀಲಕಂಠಸ್ವಾಮಿ ಅವತ್ತು ನಗುನಗುತ್ತ ಬಂದಿದ್ದ, ಜಮೀನು ಹಿನ್ನೀರಿನ ಆಚೆ, ಆಳುಗಳನ್ನು, ಗೊಬ್ಬರವನ್ನು ಸಾಗಿಸಲು ಕೋಳಿಕ್ಕೋಡಿನಿಂದ ಈ ಹಳೇ ಟೂ ಸ್ಟ್ರೋಕ್ ಇಂಜಿನ್ನು ತಂದುಕೊಂಡಿದ್ದ, ಪೆಟ್ರೋಲ್ ಬಾಳ ಕುಡೀತದೆ ಕಣ್ಲಾ ರಘು, ಏನಾರ ಮಾಡು ಅಂದ, ಮೂವತ್ತು ವರ್ಷ ಬೈಕುಗಳನ್ನು ಮೈಲೇಜಿಗೆ ಕೂರಿಸಿದ ಕೈಗೆ ಅಷ್ಟು ಹೇಳಿದರೆ ಸಾಲದೇ, ಆ ಹಿತ್ತಾಳೆ ಸ್ಕ್ರೂ ಕಾಲು ಸುತ್ತು ಬಿಗಿ ಮಾಡಿದರೆ ಪೆಟ್ರೋಲು ಕಮ್ಮಿ ಇಳಿಯುತ್ತದೆ, ಗಾಡಿ ಕೊಂಚ ತಡವರಿಸುತ್ತದೆ, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಅದನ್ನೇ ಮಾಡಿದ, ನೀರಲ್ಲಿಟ್ಟು ಗೇರು ಹಾಕಿ ನೋಡಲೂ ಇಲ್ಲ, ಮೂರ್ಖ, ದೊಡ್ಡ ಮೇಸ್ತ್ರಿ.

ಆಷಾಢದ ಗಾಳಿಗೆ ದೋಣಿ ಅಡ್ಡ ತಿರುಗಿತಂತೆ, ಜೊತೆಗಿದ್ದು ಈಜಿ ಉಳಿದ ಆಳು ದೊರೆಸ್ವಾಮಿ ಸಾವಿನ ಮನೆಯಲ್ಲಿ ಹೇಳಿದ್ದು, ಆಕ್ಸಿಲೇಟ್ರು ಪೂರ್ತಿ ತಿರುಗ್ಸುದ್ರು ಕಣಣ್ಣ, ಅದು ಗಪ್ಪಂತ ನಿಂತೋಯ್ತು, ಅಲೆ ಒಳಕ್ಕೆ ಬಂದ್ಬುಡ್ತು — ಗಾಳಿ ಅಂದರು ಕೆಲವರು, ವಿಧಿ ಅಂದರು ಕೆಲವರು, ರಘುನಾಥ ಎಲ್ಲದಕ್ಕೂ ತಲೆಯಾಡಿಸಿದ, ನೀಲಕಂಠಸ್ವಾಮಿಯನ್ನು ಸಮಾಧಿಯಲ್ಲಿ ಕೂರಿಸುವಾಗ ಎಡಗೈಗೆ ಲಿಂಗ ಇಟ್ಟರು, ಬಲಗೈ ಮಾತ್ರ ಮುಷ್ಟಿ ಕಟ್ಟಿತ್ತು, ಮಣಿಕಟ್ಟು ಹೊರಳಿತ್ತು, ಬಿಡಿಸಲು ಹೋದವರಿಗೆ ಬಿಡಿಸಲಾಗಲಿಲ್ಲ, ಇನ್ನೂ ತಿರುಗಿಸುತ್ತಲೇ ಇದ್ದ, ಮಣ್ಣು ಬಿದ್ದಿತು, ಆ ಮಣಿಕಟ್ಟು ಅನ್ನ ಕಲೆಸುವಾಗ ರಘುನಾಥನ ಕಣ್ಣ ಮುಂದೆ ಬರುತ್ತದೆ, ಬೀಗ ತೆಗೆಯುವಾಗ ಬರುತ್ತದೆ. ಗಂಗಾಂಬಿಕೆ ಏನೋ ಹೇಳುತ್ತಿದ್ದಾರೆ, ನಾಳೆಯಿಂದ ಮಗಳು ರೂಪಶ್ರೀ ದೋಣಿ ಓಡಿಸುತ್ತಾಳಂತೆ, ಬೇಡವೆಂದರೆ ಕೇಳುವುದಿಲ್ಲವಂತೆ, ನೀನು ರಿಪೇರಿ ಮಾಡಿದ್ ಮೇಲೆ ಪೆಟ್ರೋಲು ಬಾಳ ಉಳೀತದೆ ಅಂತ ನಮ್ಮನೆಯೋರು ಅಂತಿದ್ರು ಕಣಪ್ಪ, ಹಂಗೇ ಮಾಡ್ಕೊಡು. ಹಂಗೇ ಅಂದರೆ ಅಯ್ಯೋ ಶಿವನೇ, ಹಂಗೇ ಅಂದರೆ ಏನೆಂದು ಈ ತಾಯಿಗೆ ಗೊತ್ತೇ, ಸುಮ್ಮನೆ ಸಡಿಲಿಸಿಬಿಟ್ಟರೆ ಹುಡುಗಿ ಬದುಕುತ್ತಾಳೆ, ಯಾರಿಗೂ ತಿಳಿಯುವುದಿಲ್ಲ, ಬಾಯಿ ಯಾಕೆ ತೆರೆಯಬೇಕು — ಸ್ಕ್ರೂಡ್ರೈವರ್ ಇಟ್ಟ, ಕಾಲು ಸುತ್ತು ಸಡಿಲಿಸಿದ, ಆಕ್ಸಿಲರೇಟರ್ ಕೊಟ್ಟ, ಇಂಜಿನ್ನು ಒಂದು ಚೂರೂ ನಿಲ್ಲದೆ ಮೇಲೆದ್ದಿತು, ಡ್ರಮ್ಮಿನ ನೀರು ನೆಲಕ್ಕೆಲ್ಲ ಚೆಲ್ಲಿತು, ಮತ್ತೊಮ್ಮೆ ಕೊಟ್ಟ, ಮತ್ತೂ ಸರಿಯಾಗಿ ಎದ್ದಿತು, ಗಾಳಿಯೂ ಅಲ್ಲ ವಿಧಿಯೂ ಅಲ್ಲ, ಆಫ್ ಮಾಡಿದ. ಏನಾಗಿತ್ತಪ್ಪ ಅಂದರು. ಸ್ಕ್ರೂ ಬಿಗಿಯಾಗಿತ್ತು ಕಣಕ್ಕ. ಅದನ್ನ ಯಾರು ಬಿಗಿ ಮಾಡಿದ್ರು, ಅವರಿಗೆ ಇಂಜಿನ್ ಬಿಚ್ಚಕೇ ಬರ್ತಿರ್ನಿಲ್ವಲ್ಲ. ರಸ್ತೆಯಲ್ಲಿ ಕೇರಳದ ಲಾರಿಯೊಂದು ಹೋಯಿತು, ಅದು ಪೂರ್ತಿ ದಾಟಿಹೋಗುವವರೆಗೂ ಅವನಿಗೆ ಸಮಯವಿತ್ತು, ದಾಟಿಹೋಯಿತು. ನಾನೇ ಕಣಕ್ಕ, ಪೆಟ್ರೋಲ್ ಉಳೀಲಿ ಅಂತ, ಅದುಕ್ಕೇ ಅವತ್ತು ನಿಂತೋಗಿದ್ದು. ಅಳುತ್ತಾರೆ ಅಂದುಕೊಂಡ, ಬೈಯುತ್ತಾರೆ, ಕೆನ್ನೆಗೆ ಬಾರಿಸುತ್ತಾರೆ, ಬಾರಿಸಲಿ, ಆಕೆ ಬೆಂಚು ಬಿಟ್ಟು ಏಳಲಿಲ್ಲ, ಎಷ್ಟು ಬಿಗಿ ಮಾಡಿದ್ದೆ ಎಂದು ಮಾತ್ರ ಕೇಳಿದರು, ಕಾಲು ಸುತ್ತು ಅಂದ, ಆಕೆ ಬಲಗೈ ಎತ್ತಿ, ಬೆರಳು ಮಡಿಸಿ, ಗಾಳಿಯಲ್ಲಿ ಮಣಿಕಟ್ಟನ್ನು ಮೆಲ್ಲಗೆ ಹೊರಳಿಸಿ ನೋಡಿಕೊಂಡರು, ಇಷ್ಟೇನಾ ಅಂದರು, ಕೈ ಇಳಿಸಲಿಲ್ಲ, ಇಷ್ಟೇನಾ — ಸಮಾಧಿಯಲ್ಲಿ ಕಂಡ ಆ ಮುಷ್ಟಿ, ಆ ಹೊರಳಿದ ಮಣಿಕಟ್ಟು, ಅದೇ ಮುಷ್ಟಿ.