ಭಾಂಡೆವಾಲಾ

ಜೇವರ್ಗಿಯ ಬಸ್‌ಸ್ಟ್ಯಾಂಡ್ ಎದುರಿನ ಪೀರಪ್ಪನ ಹೋಟೆಲಿನಲ್ಲಿ ಕೂತು ಇಬ್ಬರು ಗಂಡಸರು ಹನ್ನೆರಡು ವರ್ಷದಿಂದ ಜಗತ್ತನ್ನು ಉದ್ಧಾರ ಮಾಡುತ್ತಿದ್ದರು. ಒಬ್ಬರು ಹಫೀಜ ಮಾಸ್ತರು. ಹೈಸ್ಕೂಲಿನಲ್ಲಿ ಸಮಾಜವಿಜ್ಞಾನ ಕಲಿಸಿ ನಿವೃತ್ತರಾದವರು, ಓಣಿಯ ಜಮಾತ್ ಕಮಿಟಿಗೆ ಅಧ್ಯಕ್ಷರು, ಪರರ ದುಡ್ಡಿನಲ್ಲಿ ಚಹಾ ಕುಡಿಯುವ ಸಮಾಜವಾದಿ. ಇನ್ನೊಬ್ಬ ಲಾಡ್ಲೆಸಾಬ, ಹೋಟೆಲಿನ ಗೋಡೆಗೆ ಹೊಂದಿಕೊಂಡ ಟೆಂಟ್‌ಹೌಸಿನ ಮಾಲಕ. ಶಾಮಿಯಾನ, ಕುರ್ಚಿ, ಅಡುಗೆಯ ಭಾಂಡೆ ಬಾಡಿಗೆಗೆ ಕೊಟ್ಟು ದುಂಡಗಾದ ಆಸಾಮಿ. ಎಲ್ಲವೂ ಖಾಸಗಿಯಾದರೇ ದೇಶಕ್ಕೆ ಬರಕತ್ತು ಎಂಬುದು ಇವನ ಹಟ. ಮನೆಯಲ್ಲಿ ಇಬ್ಬರದೂ ದಖ್ಖನಿ ಉರ್ದು. ಈ ಜಗಳ ಮಾತ್ರ ಕನ್ನಡದಲ್ಲಿ, ಏಕೆಂದರೆ ದೊಡ್ಡ ಶಬ್ದಗಳೆಲ್ಲ ಕನ್ನಡ ಪೇಪರಿನಿಂದ ಎತ್ತಿಕೊಂಡವು.

ದಿನಾ ಬೆಳಿಗ್ಗೆ ಆ ಹೋಟೆಲಿಗೆ ಜೋಳದ ರೊಟ್ಟಿ ಬಡಿದು ತರುವ ಚಮನಬಿಗೆ ಈ ವಾದದಲ್ಲಿ ಎರಡೇ ಶಬ್ದ ತಿಳಿಯುತ್ತಿದ್ದವು. ಒಂದು ಸಮಾಜ. ಅದೆಂದರೆ ತಮ್ಮ ಜಮಾತಿನ ಮಂದಿ. ಇನ್ನೊಂದು ಬಂಡವಾಳ. ಅವಳ ಕಿವಿಗೆ ಅದು ‘ಭಾಂಡೆವಾಲಾ’ ಎಂದೇ ಬೀಳುತ್ತಿತ್ತು, ಭಾಂಡೆ ಬಾಡಿಗೆಗೆ ಕೊಡುವವನು ಎಂದು. ಮಾಸ್ತರು ಸಮಾಜದ ಪರ, ಲಾಡ್ಲೆಸಾಬ ಭಾಂಡೆವಾಲಾನ ಪರ. ಅವನೇ ಭಾಂಡೆವಾಲಾ ಅಂದ ಮೇಲೆ ಮತ್ಯಾರ ಪರ ಮಾತಾಡಿಯಾನು? ಹೀಗಾಗಿ ಇಷ್ಟು ವರ್ಷ ಇವರು ಕಿತ್ತಾಡುತ್ತಿರುವುದು ಸಮಾಜದ ಭಾಂಡೆಗಳಿಗಾಗಿಯೇ ಎಂದು ಅವಳು ನಂಬಿದ್ದಳು. ಬಡವರ ಭಾಂಡೆಗಾಗಿ ಇಷ್ಟು ಗಂಟಲು ಹರಿದುಕೊಳ್ಳುತ್ತಾರಲ್ಲ ಪಾಪ ಎಂದು ಮಾಸ್ತರರಿಗೆ ಬಿಸಿ ರೊಟ್ಟಿಯನ್ನೇ ಆರಿಸಿ ಇಡುತ್ತಿದ್ದಳು.

ಜಮಾತಿನ ಆ ಭಾಂಡೆಗಳಲ್ಲಿ ಒಂದು ಅವಳು ಕೊಟ್ಟದ್ದು. ಗಂಡ ಇಸ್ಮಾಯಿಲ ತೀರಿಕೊಂಡ ವರ್ಷ ಮೈಮೇಲಿದ್ದ ಬೆಳ್ಳಿಯನ್ನೆಲ್ಲ ಮಾರಿ, ನೂರು ಮಂದಿಗೆ ಬಿರಿಯಾನಿ ಬೇಯುವ ತಾಮ್ರದ ದೇಗು ಕೊಂಡು, ಅದರ ಕಂಠಕ್ಕೆ ಅವನ ಹೆಸರು ಹೊಡೆಸಿ ಜಮಾತಿಗೆ ಒಪ್ಪಿಸಿದ್ದಳು. ಬಡವರ ಮನೆಯ ಶಾದಿಗೆ ಪುಕ್ಕಟೆ ಹೋಗಬೇಕು ಎಂಬುದೊಂದೇ ಅವಳ ಮಾತು. ಈಗ ಬರುವ ಐತವಾರ ಮಗಳು ಮಹೆಕಳ ನಿಕಾಹ್. ಸೀರೆ ಬೇಡ, ಬಂಗಾರ ಬೇಡ, ಅಬ್ಬಾನ ದೇಗಿನಲ್ಲೇ ಅನ್ನ ಬೇಯಲಿ ಎಂದು ಹುಡುಗಿ ಕೇಳಿಕೊಂಡಿದ್ದಳು.

ಚಮನಬಿ ಮಾಸ್ತರರ ಮನೆಗೆ ಹೋದಳು. ಅರ್ಜಿ ಕೊಡು ಎಂದರು. ಬರೆಯಿಸಿ ಕೊಟ್ಟಳು. ಎಲ್ಲರ ಆಸ್ತಿಯನ್ನು ತಾನೊಬ್ಬನೇ ಎತ್ತಿಕೊಟ್ಟರೆ ಅದು ಸರ್ವಾಧಿಕಾರವಾಗುತ್ತದೆ, ಕಮಿಟಿ ಕೂಡಬೇಕು ಎಂದರು. ಕಮಿಟಿ ಕೂಡಲಿಲ್ಲ. ಮೂರು ದಿನ ಚಪ್ಪಲಿ ಸವೆಸಿದ ಮೇಲೆ, ಭಾಂಡೆಗೆ ಕಲಾಯಿ ಹಾಕಿಸಲು ಗತಿಯಿಲ್ಲದೆ ದೇಖರೇಖಿಗೆಂದು ಖಾಸಗಿಯವರಿಗೆ ಕೊಟ್ಟಾಗಿದೆ ಎಂದು ಬಾಯಿಬಿಟ್ಟರು. ಆ ಖಾಸಗಿಯವರು ಯಾರೆಂದರೆ ಲಾಡ್ಲೆಸಾಬ. ಅವನು ದೇಗಿಗೆ ದಿನಕ್ಕೆ ಒಂದೂವರೆ ಸಾವಿರ ಹೇಳಿದ. ಶಾದಿಯ ಸೀಜನ್ನು, ಡಿಮಾಂಡ್ ಇದೆ, ಸಾಹುಕಾರನಿಗೂ ಅದೇ ರೇಟು, ರೊಟ್ಟಿಯವಳಿಗೂ ಅದೇ ರೇಟು, ಇದೇ ನಿಜವಾದ ಸಮಾನತೆ ಎಂದು ಹಲ್ಲು ಕಿರಿದ.

ಗುರುವಾರ ಬೆಳಿಗ್ಗೆ ಇಬ್ಬರೂ ಎಂದಿನಂತೆ ಕಪ್ಪು ಹಿಡಿದು ವಾದಕ್ಕೆ ಕೂತಿದ್ದರು. ಚಮನಬಿ ರೊಟ್ಟಿಯ ಬುಟ್ಟಿ ಇಳಿಸಿ, ಪೀರಪ್ಪನ ಅಡುಗೆಮನೆಯಿಂದ ಹಿಡಿ ಹುಣಸೆಹಣ್ಣು ತಗೊಂಡು, ಟೆಂಟ್‌ಹೌಸಿನ ಮುಂದೆ ಬೋರಲು ಹಾಕಿದ್ದ ದೇಗುಗಳ ಹತ್ತಿರ ಕೂತಳು. ಒಂದೊಂದರ ಕಂಠವನ್ನೂ ಉಜ್ಜುತ್ತಾ ಹೋದಳು. ನಾಲ್ಕನೆಯದರಲ್ಲಿ ಮಸಿ ಸರಿದು ಚುಕ್ಕೆ ಚುಕ್ಕೆಯಾಗಿ ಅಕ್ಷರ ಎದ್ದವು. ಅವಳಿಗೆ ಓದು ಬಾರದು. ಆದರೆ ಆ ಚುಕ್ಕೆಗಳ ಮೇಲೆ ಎಷ್ಟು ಸಲ ಬೆರಳಾಡಿಸಿದ್ದಳೋ, ಕೈಗೆ ಗುರುತು ಸಿಕ್ಕಿತು. ಪೀರಪ್ಪನನ್ನು ಕರೆದಳು. ಇಬ್ಬರೂ ಎತ್ತಿ ತಂದು ದೇಗನ್ನು ಮಾಸ್ತರರ ಬೆಂಚಿನ ಮುಂದೆ ಇಟ್ಟರು.

“ಮಾಸ್ತರ್ರ, ನನಗ ಅಕ್ಷರ ಬರಂಗಿಲ್ರಿ. ನೀವು ಊರ ಮಕ್ಕಳಿಗೆಲ್ಲ ಕಲಿಸಿದವ್ರು. ಇಲ್ಲಿ ಏನ ಬರದೈತಿ, ಓದ್ರಿ.”

ಹೋಟೆಲಿನ ಮಂದಿಯೆಲ್ಲ ನೋಡುತ್ತಿದ್ದರು. ಮಾಸ್ತರು ಚಶ್ಮಾ ಮರೆತು ಬಂದೆ ಎನ್ನಲು ಬಾಯಿ ತೆರೆದರು. ಚಶ್ಮಾ ಮೂಗಿನ ಮೇಲೇ ಇತ್ತು. ಇಸ್ಮಾಯಿಲ ಎಂದು ಗೊಣಗಿದರು. ಒಮ್ಮೆ ಸಮಾಜಕ್ಕೆ ಕೊಟ್ಟ ಮೇಲೆ ಕೊಟ್ಟವರ ಹಕ್ಕು ಉಳಿಯುವುದಿಲ್ಲ ಎಂದು ಅದಕ್ಕೊಂದು ಬಾಲವನ್ನೂ ಸೇರಿಸಿದರು.

“ಮಾಸ್ತರು ಹೇಳೂದು ಖರೇ ಐತಿ,” ಎಂದ ಲಾಡ್ಲೆಸಾಬ. “ಕಾಗದ ಐತಿ, ಅವರ ಸಹಿ ಐತಿ. ಅರ್ಧಾ ಬಾಡಿಗಿ ತಿಂಗಳಾ ಅವರ ಕೈಯಾಗ ಕೊಡಾಕತ್ತೇನಿ.”

ಹನ್ನೆರಡು ವರ್ಷದಲ್ಲಿ ಇಬ್ಬರೂ ಒಂದು ಮಾತಿಗೆ ಒಪ್ಪಿದ್ದು ಅದೇ ಮೊದಲು. ಒಪ್ಪಿದ ಗಳಿಗೆಯಲ್ಲೇ ಇಬ್ಬರ ಬಂಡವಾಳವೂ ಬಯಲಾಯಿತು. ಇಂಥವನಿಗೆ ಇಷ್ಟು ದಿನ ಬಿಸಿ ರೊಟ್ಟಿ ಆರಿಸಿ ಇಟ್ಟೆನಲ್ಲ ಎಂದು ಚಮನಬಿಗೆ ತನ್ನ ಮೇಲೇ ಹೇಸಿಗೆಯಾಯಿತು. ಮಾಸ್ತರರ ತಾಟಿನಲ್ಲಿದ್ದ ರೊಟ್ಟಿಯನ್ನು ಎತ್ತಿ ಬುಟ್ಟಿಗೆ ಹಾಕಿಕೊಂಡಳು. ಆಮೇಲೆ ದೇಗಿನ ಒಂದು ಹಿಡಿಕೆ ಅವಳು, ಇನ್ನೊಂದು ಹಿಡಿಕೆ ಪೀರಪ್ಪ ಹಿಡಿದು ಮನೆಯ ದಾರಿ ಹಿಡಿದರು.

ತಿರುಗಿ ಯಾವಾಗ ಕೊಡುತ್ತೀ ಎಂದು ಹಿಂದಿನಿಂದ ಇಬ್ಬರೂ ಒಟ್ಟಿಗೇ ಕೂಗಿದರು. ಚಮನಬಿ ನಿಂತಳು.

“ಕೊಡ್ತೇನ್ರಿ. ಸಮಾಜಕ್ಕ ಕೊಡ್ಬೇಕೋ, ಭಾಂಡೆವಾಲಾಗ ಕೊಡ್ಬೇಕೋ, ನೀವಿಬ್ರೂ ಕುಂತು ವಾದಾ ಮಾಡಿ ಮುಗಸ್ರಿ. ಮುಗಿದ ದಿವ್ಸ ತಂದು ಕೊಡ್ತೇನಿ.”

ದೇಗು ಈಗಲೂ ಅವಳ ಮನೆಯಲ್ಲೇ ಇದೆ.